ಹಿತ್ತಿಲ ಕೋಳಿಗೂಡು

ಹಿತ್ತಿಲ ಕೋಳಿಗೂಡು ಎಂದರೆ ಮನೆಯ ಆವರಣದಲ್ಲಿ ಸಾಕುವ ಕೆಲವೇ ಕೋಳಿಗಳಿಗೆ, ಸಾಮಾನ್ಯವಾಗಿ ನಾಲ್ಕರಿಂದ ಇಪ್ಪತ್ತರವರೆಗಿನ ಹಿಂಡಿಗೆ, ರಾತ್ರಿ ತಂಗಲು, ಮೊಟ್ಟೆಯಿಡಲು, ಮಳೆ ಬಿಸಿಲುಗಳಿಂದಲೂ ವೈರಿಪ್ರಾಣಿಗಳಿಂದಲೂ ಪಾರಾಗಲು ಕಟ್ಟಿಕೊಡುವ ಚಿಕ್ಕ ಮನೆ. ವಾಣಿಜ್ಯ ಕೋಳಿ ಫಾರಂನ ಶೆಡ್ಡಿಗಿಂತ ಇದು ಬೇರೆ. ಇಲ್ಲಿನ ಕೋಳಿಗಳು ಹಗಲಿನ ಬಹುಪಾಲನ್ನು ಹೊರಗೆ ಕೆದಕುತ್ತಾ ಕಳೆಯುತ್ತವೆ, ಸಂಜೆಗೆ ತಾವಾಗಿಯೇ ಗೂಡು ಸೇರುತ್ತವೆ. ಈ ಲೇಖನವು ಬಿಸಿ ಹವೆಯ ಪ್ರದೇಶಗಳಲ್ಲಿ, ವಿಶೇಷವಾಗಿ ಕರ್ನಾಟಕದಲ್ಲಿ, ಇಂಥ ಗೂಡು ಕಟ್ಟುವ ಕ್ರಮವನ್ನು ವಿವರಿಸುತ್ತದೆ. ಲೇಖನದುದ್ದಕ್ಕೂ ‘ಗೂಡು’ ಎಂಬುದು ಚಾವಣಿಯಿರುವ ರಾತ್ರಿಯ ಕೋಣೆಯನ್ನು, ‘ಅಂಗಳ’ ಎಂಬುದು ಅದಕ್ಕೆ ಹೊಂದಿಕೊಂಡ ಜಾಲರಿಯ ಆವರಣವನ್ನು, ‘ಕೂರುಗೋಲು’ ಎಂಬುದು ಕೋಳಿಗಳು ಮಲಗುವ ಅಡ್ಡಗಳವನ್ನು, ‘ಹಾಸು’ ಎಂಬುದು ನೆಲಕ್ಕೆ ಹರಡುವ ಹೊಟ್ಟು, ಸಿಪ್ಪೆ ಮುಂತಾದವುಗಳನ್ನು ಸೂಚಿಸುತ್ತದೆ.

ಹಿನ್ನೆಲೆ

ಸಾಕುಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಸಾಕುಕೋಳಿಯದೆಂದು ಖಚಿತವಾಗಿ ಹೇಳಬಹುದಾದ ಅತಿ ಹಳೆಯ ಮೂಳೆಗಳು ಮಧ್ಯ ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ದೊರೆತಿದ್ದು, ಅವುಗಳ ಕಾಲ ಸುಮಾರು ಕ್ರಿ.ಪೂ. 1650–1250. ಭತ್ತ ಮತ್ತು ಸಿರಿಧಾನ್ಯಗಳ ಒಣಬೇಸಾಯ ಕಾಡುಕೋಳಿಯನ್ನು ಮನುಷ್ಯರ ಬಳಿಗೆ ಸೆಳೆಯಿತೆಂದು ಆ ಅಧ್ಯಯನ ಹೇಳುತ್ತದೆ. ದಕ್ಷಿಣ ಭಾರತದ ಪಾಲೂ ಇದರಲ್ಲಿದೆ. ಪಶ್ಚಿಮಘಟ್ಟದ ಕಾಡುಗಳಲ್ಲಿ ಇಂದಿಗೂ ಕೂಗುವ ಬೂದು ಕಾಡುಕೋಳಿಯಿಂದಲೇ ಸಾಕುಕೋಳಿಗೆ ಹಳದಿ ಚರ್ಮದ ಗುಣ ಬಂದಿದೆ ಎಂಬುದು 2008ರಲ್ಲಿ ತಳಿವಿಜ್ಞಾನದಿಂದ ತಿಳಿಯಿತು.

ಈ ಮೂಲ ಗೂಡು ಕಟ್ಟುವವರಿಗೂ ಮುಖ್ಯ. ಕಾಡುಕೋಳಿ ರಾತ್ರಿ ನೆಲದಲ್ಲಿ ಮಲಗುವುದಿಲ್ಲ, ಮರದ ಕೊಂಬೆಯೇರುತ್ತದೆ. ಮೊಟ್ಟೆಯನ್ನು ಮಾತ್ರ ನೆಲದ ಪೊದೆಯ ಮರೆಯಲ್ಲಿ ಇಡುತ್ತದೆ. ಎತ್ತರದ ಕೂರುಗೋಲು ಮತ್ತು ತಗ್ಗಿನಲ್ಲಿರುವ, ಮಬ್ಬು ಬೆಳಕಿನ ಮೊಟ್ಟೆ ಪೆಟ್ಟಿಗೆ ಎಂಬ ಗೂಡಿನ ಎರಡು ಮೂಲ ಅಂಗಗಳು ಈ ಎರಡು ಅಭ್ಯಾಸಗಳಿಂದಲೇ ಬಂದಿವೆ.

ಕರ್ನಾಟಕದ ಹಳ್ಳಿಗಳಲ್ಲಿ ಕೋಳಿಗೆಂದು ಪ್ರತ್ಯೇಕ ಕಟ್ಟಡ ಇರುತ್ತಿದ್ದುದು ಕಡಿಮೆ. ಜಗುಲಿಯ ಕೆಳಗೆ ಬಿಟ್ಟ ಗೂಡು, ಬಿದಿರಿನ ಮಂಕರಿ, ಕೊಟ್ಟಿಗೆಯ ಅಟ್ಟ ಇವೇ ಸಾಕಾಗುತ್ತಿದ್ದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ವೈದ್ಯ ಪ್ರಿನ್ಸ್ ಟಿ. ವುಡ್ಸ್, ಚಳಿ ಪ್ರದೇಶದಲ್ಲಿಯೂ ಮುಂಭಾಗ ತೆರೆದ ಕೋಳಿಮನೆಯೇ ಒಳ್ಳೆಯದೆಂದು ಪ್ರತಿಪಾದಿಸಿದ. ಹಿಮ ಬೀಳುವ ನಾಡಿಗೇ ತೆರೆದ ಗೂಡು ಒಗ್ಗುವುದಾದರೆ ಬಿಸಿನಾಡಿನಲ್ಲಿ ಮುಚ್ಚಿದ ಪೆಟ್ಟಿಗೆಯಂಥ ಗೂಡಿಗೆ ಯಾವ ಸಮರ್ಥನೆಯೂ ಇಲ್ಲ. ಆದರೂ ಶೀತ ದೇಶಗಳ ಮಾದರಿ ನೋಡಿ ನಾಲ್ಕೂ ಕಡೆ ಹಲಗೆ ಹೊಡೆದು ಕಟ್ಟಿದ ಗೂಡುಗಳು ಇಲ್ಲಿಯೂ ಮಾರಾಟವಾಗುತ್ತಿವೆ.

ಬಿಸಿಲು ಮತ್ತು ಕೋಳಿಯ ದೇಹ

ಕೋಳಿಯ ದೇಹದ ಉಷ್ಣತೆ 41ರಿಂದ 42 ಡಿಗ್ರಿ ಸೆಲ್ಸಿಯಸ್. ಅದಕ್ಕೆ ಬೆವರಿನ ಗ್ರಂಥಿಗಳಿಲ್ಲ, ಮೈತುಂಬ ಪುಕ್ಕವಿದೆ. ಹೀಗಾಗಿ ಚಳಿಯನ್ನು ಸುಲಭವಾಗಿ ತಡೆದುಕೊಳ್ಳುವ ಹಕ್ಕಿ ಸೆಕೆಗೆ ಬೇಗ ಸೋಲುತ್ತದೆ. ಜುಟ್ಟು, ಗಂಟಲ ಜೋಲು, ಕಾಲು ಮತ್ತು ರೆಕ್ಕೆಯಡಿಯ ಬೋಳು ಚರ್ಮದ ಮೂಲಕ ಅದು ಶಾಖವನ್ನು ಹೊರಹಾಕುತ್ತದೆ. ಗಾಳಿಯ ಉಷ್ಣತೆ 30 ಡಿಗ್ರಿ ಮೀರಿದರೆ ಅದಷ್ಟೇ ಸಾಲದೆ, ಕೊಕ್ಕು ತೆರೆದು ಏದುಸಿರು ಬಿಡಲು ಶುರುಮಾಡುತ್ತದೆ. ಉಸಿರಿನೊಡನೆ ಹೋಗುವ ತೇವವೇ ಆಗ ಅದನ್ನು ತಂಪಾಗಿಸುವ ಮುಖ್ಯ ದಾರಿ.

ಏದುಸಿರಿಗೆ ಬೆಲೆ ತೆರಬೇಕಾಗುತ್ತದೆ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟಿಗೆ ಕೊರತೆಯಾಗುತ್ತದೆ. ಜೊತೆಗೆ ಸೆಕೆಯಲ್ಲಿ ಮೇವು ತಿನ್ನುವುದೂ ಕಡಿಮೆ. ಏಪ್ರಿಲ್–ಮೇ ತಿಂಗಳಲ್ಲಿ ಮೊಟ್ಟೆಯ ಚಿಪ್ಪು ತೆಳುವಾಗುವುದಕ್ಕೂ ಮೊಟ್ಟೆಗಳ ಸಂಖ್ಯೆ ಇಳಿಯುವುದಕ್ಕೂ ಇದೇ ಕಾರಣ. ಉಷ್ಣತೆ 40 ಡಿಗ್ರಿಯ ಹತ್ತಿರ ಹೋಗಿ ಗಾಳಿ ನಿಂತರೆ ಕೋಳಿ ಸಾಯಬಹುದು. ದಪ್ಪ ಮೈಯ ಮಾಂಸದ ತಳಿಗಳು ಮೊದಲು ಬಲಿಯಾಗುತ್ತವೆ.

ಆದ್ದರಿಂದ ಬಿಸಿನಾಡಿನ ಗೂಡಿನಲ್ಲಿ ನೆರಳು, ಗಾಳಿ, ಕಾವಲು ಎಂಬ ಮೂರೇ ಅಗತ್ಯಗಳು ಉಳಿದೆಲ್ಲವನ್ನೂ ನಿರ್ಧರಿಸುತ್ತವೆ. ಭದ್ರವಾದ ಜಾಲರಿಯ ಕೋಣೆಯ ಮೇಲೆ ಚಾಚಿದ ಸೂರು ಕೂರಿಸಿದರೆ ಗೂಡಿನ ಮುಕ್ಕಾಲು ಭಾಗ ಮುಗಿದಂತೆ. ಗೋಡೆ ಬೇಕಾಗುವುದು ಎರಚಲು ಹೊಡೆಯುವ ಕಡೆಗೆ ಮಾತ್ರ.

ಸ್ಥಳ ಮತ್ತು ದಿಕ್ಕು

ನೀರು ನಿಲ್ಲದ, ತುಸು ಎತ್ತರದ ಜಾಗ ಬೇಕು. ಹೊಂಗೆ, ಬೇವು, ನುಗ್ಗೆ, ಹಲಸಿನಂಥ ಮರದ ನೆರಳು ಸಿಕ್ಕರೆ ಉತ್ತಮ. ಮಧ್ಯಾಹ್ನದ ಬಿಸಿಲನ್ನು ತಡೆಯುವ ಒಂದು ಮರ ಯಾವ ಚಾವಣಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಆದರೆ ಗೂಡಿನ ಮೇಲೆ ಬಾಗಿದ ಕೊಂಬೆಗಳನ್ನು ಕಡಿಯಬೇಕು. ಪುನುಗುಬೆಕ್ಕು, ಕಾಡುಬೆಕ್ಕು, ಹಾವುಗಳಿಗೆ ಅವು ದಾರಿಯಾಗುತ್ತವೆ. ತೆಂಗಿನ ಮರದ ಬುಡ ಕಾಯಿ, ಗರಿ ಬೀಳುವ ಜಾಗವಾದ್ದರಿಂದ ಸೂಕ್ತವಲ್ಲ. ಗೂಡು ಬಾವಿಯಿಂದ ದೂರವಿರಬೇಕು, ಮನೆಯವರ ಕಿವಿಗೆ ರಾತ್ರಿಯ ಸದ್ದು ಬೀಳುವಷ್ಟು ಹತ್ತಿರವೂ ಇರಬೇಕು.

ಗೂಡಿನ ಉದ್ದವನ್ನು ಪೂರ್ವ–ಪಶ್ಚಿಮವಾಗಿ ಇಡುವುದು ನಿಯಮ. ಆಗ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಅಗಲ ಕಡಿಮೆಯಿರುವ ಗೋಡೆಗಳ ಮೇಲಷ್ಟೇ ಬೀಳುತ್ತದೆ. ಉದ್ದದ ಬದಿಗಳು ಉತ್ತರ ದಕ್ಷಿಣಕ್ಕೆ ತೆರೆದಿದ್ದು ಗಾಳಿಯಾಡುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ಅನುಕೂಲವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು ಮಳೆ ಪಶ್ಚಿಮ ಮತ್ತು ನೈರುತ್ಯದಿಂದ ಬೀಸುತ್ತದೆ. ಪಶ್ಚಿಮದ ಗೋಡೆಯನ್ನು ಪೂರ್ತಿ ಮುಚ್ಚಿದರೆ ಇಳಿಹೊತ್ತಿನ ಬಿಸಿಲಿಗೂ ಮುಂಗಾರಿನ ಎರಚಲಿಗೂ ಒಟ್ಟಿಗೇ ತಡೆಯಾಗುತ್ತದೆ.

ರಚನೆ

ಅಳತೆ. ಹಗಲೆಲ್ಲ ಹೊರಗಿರುವ ಕೋಳಿಗೆ ಗೂಡಿನೊಳಗೆ ತಲೆಗೆ 2 ಚದರಡಿ ಸಾಕು. ಮಳೆಗಾಲದಲ್ಲಿ ದಿನವಿಡೀ ಕೂಡಿಹಾಕಬೇಕಾದ ಕಡೆ 3ರಿಂದ 4 ಚದರಡಿ ಬೇಕು. ಅಂಗಳದಲ್ಲಿ ತಲೆಗೆ 8ರಿಂದ 10 ಚದರಡಿ ಇರಬೇಕು. ಹತ್ತು ಕೋಳಿಗಳಿಗೆ 5 ಅಡಿ ಉದ್ದ, 4 ಅಡಿ ಅಗಲದ ಗೂಡು ಮತ್ತು 10 ಅಡಿ ಚೌಕದ ಅಂಗಳ ಎಂಬುದು ನೆನಪಿಡಲು ಸುಲಭವಾದ ಲೆಕ್ಕ. ಇಕ್ಕಟ್ಟಾದರೆ ಪುಕ್ಕ ಕೀಳುವುದು, ಕುಕ್ಕುವುದು ಶುರುವಾಗುತ್ತದೆ, ಸೆಕೆಯೂ ಏರುತ್ತದೆ. ಬಿಸಿನಾಡಿನಲ್ಲಿ ಈ ಅಳತೆಗಳನ್ನು ಕನಿಷ್ಠವೆಂದೇ ತಿಳಿಯಬೇಕು.

ನೆಲ. ಗೂಡಿನ ನೆಲವನ್ನು ಮಣ್ಣಿನಿಂದ 2 ಅಡಿ ಎತ್ತರಕ್ಕೆ, ಕಂಬಗಳ ಮೇಲೆ ಕೂರಿಸುವುದು ಬಿಸಿ ಮತ್ತು ಮಳೆಯ ಪ್ರದೇಶಗಳಿಗೆ ಬಹಳ ಒಗ್ಗುವ ಕ್ರಮ. ಕೆಳಗಿನಿಂದ ಗಾಳಿಯಾಡುತ್ತದೆ, ತೇವ ಏರುವುದಿಲ್ಲ, ಹೆಗ್ಗಣ ಅಡಗಲು ಜಾಗವಿರುವುದಿಲ್ಲ, ಹಗಲಿನಲ್ಲಿ ಆ ನೆರಳೇ ಕೋಳಿಗಳ ವಿಶ್ರಾಂತಿಯ ತಾಣವಾಗುತ್ತದೆ. ಕಂಬಕ್ಕೆ ಕಲ್ಲು, ಸಿಮೆಂಟ್ ಅಥವಾ ಕಬ್ಬಿಣ ಬಳಸಿದರೆ ಗೆದ್ದಲಿನ ಭಯವಿಲ್ಲ. ಸರ್ವೆ ಅಥವಾ ನೀಲಗಿರಿ ಗಳ ಬಳಸುವುದಾದರೆ ಮಣ್ಣಿಗೆ ತಾಗುವ ಭಾಗಕ್ಕೆ ಡಾಂಬರು ಬಳಿಯಬೇಕು ಅಥವಾ ಕಲ್ಲಿನ ಮೇಲೆ ನಿಲ್ಲಿಸಬೇಕು. ನೆಲಕ್ಕೆ ಹಲಗೆ, ಬಿದಿರು, ಮಲೆನಾಡಿನಲ್ಲಾದರೆ ಅಡಿಕೆ ದಬ್ಬೆ ಬಳಕೆಯಲ್ಲಿವೆ. ದಬ್ಬೆಗಳ ನಡುವೆ ಸಂದು ಬಿಟ್ಟರೆ ಹಿಕ್ಕೆ ಕೆಳಗೆ ಬೀಳುತ್ತದೆ, ಆದರೆ ಕೋಳಿಯ ಕಾಲು ಸಿಕ್ಕಿಕೊಳ್ಳದಂತೆಯೂ ಹಾವು ನುಸುಳದಂತೆಯೂ ಸಂದು ಕಿರಿದಾಗಿರಬೇಕು ಅಥವಾ ಅಡಿಯಲ್ಲಿ ಜಾಲರಿ ಹೊಡೆಯಬೇಕು. ನೆಲದ ಮೇಲೆಯೇ ಕಟ್ಟುವುದಾದರೆ ಒಂದಡಿ ಎತ್ತರದ ನೆಲಗಟ್ಟು ಬೇಕು.

ಗೋಡೆ. ಕೆಳಗಿನ ಒಂದು, ಒಂದೂವರೆ ಅಡಿಯಷ್ಟನ್ನು ಮಾತ್ರ ಇಟ್ಟಿಗೆ, ಹಲಗೆ ಅಥವಾ ಕರಾವಳಿಯ ಮುರಕಲ್ಲಿನಿಂದ ಮುಚ್ಚಿ, ಮೇಲಿನದನ್ನೆಲ್ಲ ಜಾಲರಿಗೆ ಬಿಡಬೇಕು. ಬಿಸಿಗಾಳಿ ಮೇಲೇರುವುದರಿಂದ ಚಾವಣಿಗೂ ಗೋಡೆಗೂ ನಡುವೆ ಅರ್ಧ ಅಡಿಯ ಸಂದು ಬಿಟ್ಟು ಅದಕ್ಕೂ ಜಾಲರಿ ಹೊಡೆದರೆ ರಾತ್ರಿ ಕೋಳಿಗಳ ತಲೆಯ ಮೇಲಿನ ಸೆಕೆ ಹೊರಹೋಗುತ್ತದೆ. ಈ ಸಂದನ್ನು ಚಳಿಗಾಲದಲ್ಲಿಯೂ ಮುಚ್ಚಬಾರದು. ಹಿಕ್ಕೆಯಿಂದ ಏಳುವ ಅಮೋನಿಯ ಕಣ್ಣು, ಶ್ವಾಸನಾಳಗಳನ್ನು ಸುಡುತ್ತದೆ. ಗಾಳಿಯಲ್ಲಿ ದಶಲಕ್ಷಕ್ಕೆ 25 ಭಾಗದೊಳಗೆ ಅದನ್ನು ಇಡಬೇಕೆಂಬುದು ಕೋಳಿ ಸಾಕಣೆಯ ಅಂಗೀಕೃತ ಮಿತಿ. ಕೋಳಿಯ ತಲೆಯ ಮಟ್ಟಕ್ಕೆ ಬಗ್ಗಿದಾಗ ಮೂಗಿಗೆ ಘಾಟು ಹೊಡೆಯುವ ಗೂಡಿನಲ್ಲಿ ಗಾಳಿ ಸಾಲದು ಎಂದೇ ಅರ್ಥ.

ಚಾವಣಿ. ಗೂಡಿನ ಅಂಗಗಳಲ್ಲಿ ಅತಿ ಹೆಚ್ಚು ಎಚ್ಚರ ಬೇಡುವುದು ಇದೇ. ತೆಂಗಿನ ಗರಿ, ಹುಲ್ಲು, ಸೋಗೆಯ ಹೊದಿಕೆ ಅತಿ ತಂಪು, ಆದರೆ ಒಂದೆರಡು ವರ್ಷಕ್ಕೊಮ್ಮೆ ಬದಲಿಸಬೇಕು, ಇಲಿ ಮತ್ತು ಬೆಂಕಿಯ ಭಯವಿದೆ. ಮಂಗಳೂರು ಹೆಂಚು ಮಧ್ಯಮ ಮಾರ್ಗ. ಹೆಂಚುಗಳ ನಡುವಿನ ಸಂದುಗಳೇ ಬಿಸಿಗಾಳಿಗೆ ದಾರಿ ಕೊಡುತ್ತವೆ, ಅದು ದೀರ್ಘಕಾಲ ಬಾಳುತ್ತದೆ, ಹಳೆಯ ಮನೆ ಕೆಡವಿದ ಕಡೆ ಅಗ್ಗವಾಗಿ ಸಿಗುತ್ತದೆ. ಭಾರ ಹೆಚ್ಚಾದ್ದರಿಂದ ಪಕಾಸಿ, ರೀಪುಗಳು ಗಟ್ಟಿಯಿರಬೇಕು. ತಗಡಿನ ಶೀಟು ಹಗುರ ಮತ್ತು ಮಳೆಗೆ ಭದ್ರ, ಆದರೆ ಬರಿದಾಗಿ ಬಿಟ್ಟರೆ ಮಧ್ಯಾಹ್ನ ಗೂಡು ಕಾದ ಒಲೆಯಾಗುತ್ತದೆ. ಅದನ್ನು ಬಳಸುವವರು ಮೇಲ್ಮೈಗೆ ಬಿಳಿ ಬಣ್ಣ ಅಥವಾ ಸುಣ್ಣ ಬಳಿಯಬೇಕು, ಮೇಲೆ ಗರಿ ಹೊದಿಸಬೇಕು ಅಥವಾ ಕೆಳಗೆ ಬಿದಿರು ಚಾಪೆಯ ಒಳಚಾವಣಿ ಕಟ್ಟಿ ನಡುವೆ ಗಾಳಿಗೆ ಜಾಗ ಬಿಡಬೇಕು. ಕಲ್ನಾರಿನ ಶೀಟು ತಗಡಿಗಿಂತ ಕಡಿಮೆ ಕಾಯುತ್ತದೆ. ಆದರೆ ಕತ್ತರಿಸುವಾಗ, ಒಡೆದಾಗ ಏಳುವ ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದುದರಿಂದ ಹೊಸದಾಗಿ ಕಟ್ಟುವ ಗೂಡಿಗೆ ಅದನ್ನು ತರಬಾರದು. ಚಾವಣಿ ಯಾವುದೇ ಇರಲಿ, ಸೂರು ಗೋಡೆಯಿಂದ 2ರಿಂದ 3 ಅಡಿ ಹೊರಚಾಚಿರಬೇಕು. ತೆರೆದ ಜಾಲರಿಯ ಗೂಡು ಮಳೆಗಾಲವನ್ನು ದಾಟುವುದು ಈ ಚಾಚಿನ ಬಲದಿಂದಲೇ.

ಕೂರುಗೋಲು. ಕೋಳಿಯೊಂದಕ್ಕೆ 8ರಿಂದ 10 ಅಂಗುಲ ಉದ್ದದ ಜಾಗ ಬೇಕು. ಸೆಕೆನಾಡಿನಲ್ಲಿ ಒಂದಡಿ ಕೊಟ್ಟರೆ ಮೈಗೆ ಮೈ ತಾಗದೆ ರಾತ್ರಿ ತಂಪಾಗಿರುತ್ತವೆ. ಎರಡು ಅಂಗುಲ ದಪ್ಪದ, ಅಂಚು ಸವರಿದ ಮರದ ಗಳ ಒಳ್ಳೆಯದು. ಕಬ್ಬಿಣದ ಪೈಪು ಜಾರುತ್ತದೆ, ಬಿಸಿಲಿಗೆ ಕಾಯುತ್ತದೆ. ನಾರ್ವೆಯ ವಿಜ್ಞಾನಿ ಥೋರ್ಲೈಫ್ ಶೆಲ್ಡರುಪ್-ಎಬ್ಬೆ 1920ರ ದಶಕದ ಆರಂಭದಲ್ಲಿ ವಿವರಿಸಿದಂತೆ ಕೋಳಿಗಳ ಹಿಂಡಿನಲ್ಲಿ ಕುಕ್ಕುವಿಕೆಯ ಮೂಲಕ ಮೇಲುಕೀಳಿನ ಕ್ರಮ ಏರ್ಪಟ್ಟಿರುತ್ತದೆ, ಮೇಲಿನವು ಎತ್ತರದ ಜಾಗವನ್ನು ಹಿಡಿಯುತ್ತವೆ. ಆದ್ದರಿಂದ ಎಲ್ಲ ಗಳಗಳೂ ಒಂದೇ ಎತ್ತರದಲ್ಲಿದ್ದರೆ ಸಂಜೆಯ ಜಗಳ ಕಡಿಮೆ. ಕೂರುಗೋಲು ಮೊಟ್ಟೆ ಪೆಟ್ಟಿಗೆಗಿಂತ ಎತ್ತರದಲ್ಲಿರಲೇಬೇಕು. ಇಲ್ಲದಿದ್ದರೆ ಕೋಳಿಗಳು ಪೆಟ್ಟಿಗೆಯಲ್ಲಿಯೇ ಮಲಗಿ ಹಿಕ್ಕೆ ಹಾಕುತ್ತವೆ.

ಮೊಟ್ಟೆ ಪೆಟ್ಟಿಗೆ. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಒಂದು ಪೆಟ್ಟಿಗೆ ನಾಲ್ಕೈದು ಹೇಂಟೆಗಳಿಗೆ ಸಾಕು. ಹಳೆಯ ಬುಟ್ಟಿ, ಅಡ್ಡ ಮಲಗಿಸಿದ ಮಡಕೆಯೂ ಆಗುತ್ತದೆ. ಒಳಗೆ ಒಣಹುಲ್ಲು ಹಾಕಿ ಮಬ್ಬುಗತ್ತಲಿನ ಮೂಲೆಯಲ್ಲಿಡಬೇಕು. ಪೆಟ್ಟಿಗೆ ಗೋಡೆಯಿಂದ ಹೊರಚಾಚಿದ್ದು ಮೇಲೆ ಮುಚ್ಚಳವಿದ್ದರೆ ಗೂಡಿನೊಳಗೆ ಹೋಗದೆ ಮೊಟ್ಟೆ ತೆಗೆಯಬಹುದು.

ಅಂಗಳ. ಆರಡಿ ಎತ್ತರದ ಜಾಲರಿ ಬೇಲಿ, ಮೇಲೆ ಬಲೆ ಅಥವಾ ಬಳ್ಳಿ ಹಬ್ಬಿಸಿದ ಚಪ್ಪರ. ತೊಂಡೆ, ಸೀಮೆಬದನೆ, ಹೀರೆಯ ಚಪ್ಪರ ಕೋಳಿಗೆ ನೆರಳು, ಮನೆಗೆ ತರಕಾರಿ. ಒಂದು ಮೂಲೆಯಲ್ಲಿ ಒಣಮಣ್ಣು, ಮರಳು, ಒಲೆಯ ಬೂದಿ ಬೆರೆಸಿದ ಧೂಳಿನ ಗುಂಡಿ ಇರಬೇಕು. ಕೋಳಿಗಳು ಅದರಲ್ಲಿ ಹೊರಳಾಡಿಯೇ ಹೇನು, ಉಣ್ಣೆಗಳನ್ನು ಉದುರಿಸಿಕೊಳ್ಳುತ್ತವೆ.

ಗೂಡಿನ ಬಗೆಗಳು

ಬಿದಿರಿನ ಮಂಕರಿ ಮತ್ತು ಪಂಜರ ಮರಿಗಳಿರುವ ತಾಯಿಕೋಳಿಗೆ ಇಂದಿಗೂ ಬಳಕೆಯಲ್ಲಿವೆ. ಗಾಳಿಗೆ ಕೊರತೆಯಿಲ್ಲ, ರಾತ್ರಿಯ ಕಾವಲಿಗೆ ಮಾತ್ರ ಸಾಲದು. ಕಂಬಗಳ ಮೇಲಿನ ಎತ್ತರದ ಗೂಡು ಕರಾವಳಿ ಮತ್ತು ಮಲೆನಾಡಿಗೆ ಸರಿಹೊಂದುತ್ತದೆ. ಆಳ ಹಾಸಿನ ಗೂಡಿನಲ್ಲಿ ಗಟ್ಟಿ ನೆಲದ ಮೇಲೆ ಭತ್ತದ ಹೊಟ್ಟು, ಕಡಲೆಕಾಯಿ ಸಿಪ್ಪೆ ಅಥವಾ ಮರದ ಹೊಟ್ಟನ್ನು ಮೂರು ನಾಲ್ಕು ಅಂಗುಲ ಹರಡಿ, ಆಗಾಗ ಕೆದರಿ, ಮೇಲೆ ಹೊಸದನ್ನು ಸೇರಿಸುತ್ತಾ ಹೋಗುತ್ತಾರೆ. ಬಯಲುಸೀಮೆಯ ಒಣಹವೆಗೆ ಇದು ಒಗ್ಗುತ್ತದೆ. ಚಲಿಸುವ ಗೂಡಿಗೆ ತಳವಿರುವುದಿಲ್ಲ. ಗಾಲಿ ಅಥವಾ ಹಿಡಿಗಳಿಂದ ಅದನ್ನು ದಿನಕ್ಕೊಮ್ಮೆ ತೋಟದೊಳಗೆ ಸರಿಸುತ್ತಾರೆ, ಹುಲ್ಲು ಹುಳುಗಳು ಕೋಳಿಗೆ, ಹಿಕ್ಕೆ ಮಣ್ಣಿಗೆ. ತೆಂಗು, ಬಾಳೆ, ಮಾವಿನ ಸಾಲುಗಳ ನಡುವೆ ಇದು ಸುಲಭ. ತಾರಸಿಯ ಮೇಲೆ ಇಡುವ ತಂತಿ ಪಂಜರಗಳು ಕೇರಳದಲ್ಲಿ ಹೆಚ್ಚು ಹರಡಿವೆ. ಜಾಗ ಕಡಿಮೆ ಸಾಕು, ಆದರೆ ಕೆದಕುವುದು, ಮಣ್ಣಿನಲ್ಲಿ ಹೊರಳುವುದು, ಕೂರುಗೋಲೇರುವುದು ಎಂಬ ಕೋಳಿಯ ಮೂರು ಮುಖ್ಯ ಅಭ್ಯಾಸಗಳಿಗೂ ಅಲ್ಲಿ ಅವಕಾಶವಿಲ್ಲ.

ವೈರಿಗಳು ಮತ್ತು ಕಾವಲು

ಹಗಲಿನ ವೈರಿಗಳು ಗಿಡುಗ, ಕಾಗೆ, ಮುಂಗುಸಿ, ಬೀದಿನಾಯಿ. ರಾತ್ರಿಯವು ಕಾಡುಬೆಕ್ಕು, ಪುನುಗುಬೆಕ್ಕು, ಹೆಗ್ಗಣ, ಹಾವು. ಮಲೆನಾಡಿನ ಅಂಚಿನಲ್ಲಿ ಚಿರತೆಯೂ ಸೇರುತ್ತದೆ. ಕೋಳಿಗೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣುವುದಿಲ್ಲ, ಕೂತಲ್ಲಿಂದ ಅಲುಗುವುದೂ ಇಲ್ಲ. ಆದ್ದರಿಂದ ರಾತ್ರಿಯ ರಕ್ಷಣೆ ಪೂರ್ತಿಯಾಗಿ ಗೂಡಿನದೇ.

ಅಂಗಡಿಯಲ್ಲಿ ‘ಕೋಳಿ ಜಾಲರಿ’ ಎಂದು ಮಾರುವ ಆರುಮೂಲೆ ಕಣ್ಣಿನ ತೆಳುತಂತಿ, ಕೋಳಿಯನ್ನು ಒಳಗಿಡುತ್ತದೆಯೇ ಹೊರತು ವೈರಿಯನ್ನು ಹೊರಗಿಡುವುದಿಲ್ಲ. ನಾಯಿ ಅದನ್ನು ಹರಿಯಬಲ್ಲದು. ಹಾವು, ಮರಿಹೆಗ್ಗಣಗಳು ನುಸುಳಬಲ್ಲವು. ಗೂಡಿಗೆ ಅರ್ಧ ಅಂಗುಲ ಕಣ್ಣಿನ ಬೆಸುಗೆ ಜಾಲರಿ, ಅಂದರೆ ವೆಲ್ಡ್ ಮೆಷ್, ಬಳಸಬೇಕು. ತೆಳುಜಾಲರಿ ಅಂಗಳದ ಮೇಲ್ಭಾಗಕ್ಕೆ ಸಾಕು. ಬೇಲಿಯ ಬುಡದಲ್ಲಿ ಒಂದಡಿ ಜಾಲರಿಯನ್ನು ಮಣ್ಣಿನಲ್ಲಿ ಹೂಳಿ ಅಥವಾ ಹೊರಮುಖವಾಗಿ ಮಡಚಿ ಕಲ್ಲು ಹೇರಿದರೆ ಮುಂಗುಸಿ, ನಾಯಿಗಳು ತೋಡಿ ಒಳಬರುವುದು ತಪ್ಪುತ್ತದೆ. ಚಿಲಕಕ್ಕೆ ಕೊಕ್ಕೆ ಅಥವಾ ಬೀಗ ಇರಬೇಕು. ರಾತ್ರಿ ಮೇವು ಒಳಗಿಡಬಾರದು. ಮೇವಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ.

ಋತುಗಳಿಗೆ ತಕ್ಕ ಆರೈಕೆ

ವಯಸ್ಕ ಕೋಳಿಯೊಂದು ದಿನಕ್ಕೆ 100ರಿಂದ 120 ಗ್ರಾಂ ಮೇವು, ಸುಮಾರು ಕಾಲು ಲೀಟರ್ ನೀರು ಬಯಸುತ್ತದೆ. ಕಡುಬೇಸಿಗೆಯಲ್ಲಿ ನೀರಿನ ಅಗತ್ಯ ದುಪ್ಪಟ್ಟಾಗಬಹುದು. ನೀರನ್ನು ನೆರಳಿನಲ್ಲಿ, ಮಣ್ಣಿನ ಪಾತ್ರೆಗಳಲ್ಲಿ, ಎರಡು ಮೂರು ಕಡೆ ಇಡಬೇಕು. ಕಾದ ನೀರನ್ನು ಕೋಳಿ ಮುಟ್ಟುವುದಿಲ್ಲ. ಜೀರ್ಣಕ್ರಿಯೆಯೂ ದೇಹದ ಶಾಖ ಹೆಚ್ಚಿಸುವುದರಿಂದ ಮೇವನ್ನು ಬೆಳಗಿನ ಜಾವ ಮತ್ತು ಸಂಜೆ ಕೊಡುವುದು ಮೇಲು.

ಕಲಬುರಗಿ, ರಾಯಚೂರಿನಂಥ ಕಡೆ ಬೇಸಿಗೆಯ ಉಷ್ಣತೆ 40 ಡಿಗ್ರಿ ದಾಟುತ್ತದೆ, ಗಾಳಿ ಒಣಗಿರುತ್ತದೆ. ಅಲ್ಲಿ ಜಾಲರಿಗೆ ಗೋಣಿಚೀಲ ಕಟ್ಟಿ ನೀರು ಚಿಮುಕಿಸಿದರೆ ಗೂಡು ತಟ್ಟನೆ ತಂಪಾಗುತ್ತದೆ. ಇದೇ ಉಪಾಯ ಮಂಗಳೂರು, ಕಾರವಾರಗಳಲ್ಲಿ ತಿರುಗುಬಾಣವಾಗುತ್ತದೆ. ಕರಾವಳಿಯ ಗಾಳಿ ಮೊದಲೇ ತೇವದಿಂದ ತುಂಬಿರುವುದರಿಂದ ನೀರು ಆವಿಯಾಗುವುದಿಲ್ಲ, ಏದುಸಿರಿನ ತಂಪೂ ಕೋಳಿಗೆ ದಕ್ಕುವುದಿಲ್ಲ. ಅಲ್ಲಿ ನೀರಿಗಿಂತ ಗಾಳಿಯ ಓಡಾಟ, ಬೇಕಾದರೆ ಒಂದು ಫ್ಯಾನು, ಹೆಚ್ಚು ಉಪಯುಕ್ತ.

ಮಳೆಗಾಲದ ಸಮಸ್ಯೆ ತೇವ. ಒದ್ದೆ ಹಾಸಿನಲ್ಲಿ ರಕ್ತಭೇದಿಯ ರೋಗಾಣುಗಳು ಬೆಳೆಯುತ್ತವೆ. ಹಿಡಿಯಲ್ಲಿ ಒತ್ತಿದಾಗ ಉಂಡೆಗಟ್ಟುವ ಹಾಸನ್ನು ಕೂಡಲೇ ತೆಗೆದು, ನೆಲಕ್ಕೆ ಸುಣ್ಣದ ಪುಡಿ ಉದುರಿಸಿ ಹೊಸದನ್ನು ಹಾಕಬೇಕು. ಮುಂಗಾರಿಗೆ ಮೊದಲು ಎರಚಲಿನ ಕಡೆಗೆ ತಟ್ಟಿ ಅಥವಾ ಸುತ್ತಿ ಎತ್ತಬಹುದಾದ ಪರದೆ ಕಟ್ಟುತ್ತಾರೆ. ಪರದೆ ಮೇಲಿನ ಅರ್ಧ ಅಡಿಯನ್ನು ತೆರೆದೇ ಬಿಡಬೇಕು.

ಮರಿಗಳಿಗೆ ಮಾತ್ರ ಬಿಸಿ ಬೇಕು. ಮೊದಲ ವಾರ ಸುಮಾರು 33–35 ಡಿಗ್ರಿ, ಮುಂದೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಬೇಕು. ಬೇಸಿಗೆಯಲ್ಲಿ ರಾತ್ರಿಗಷ್ಟೇ ಬಲ್ಬು ಬೇಕಾಗುತ್ತದೆ.

ರೋಗ ಮತ್ತು ಕೀಟಗಳು

ಬಿಸಿನಾಡಿನ ಗೂಡಿನ ನಿಜವಾದ ಪರೀಕ್ಷೆ ಅದರ ಬಿರುಕುಗಳಲ್ಲಿದೆ. ಕೋಳಿ ಉಣ್ಣೆ ಮತ್ತು ಕೆಂಪು ನುಸಿ ಎರಡೂ ಹಗಲು ಗೋಡೆ, ಗಳದ ಸಂದುಗಳಲ್ಲಿ ಅಡಗಿ ರಾತ್ರಿ ರಕ್ತ ಹೀರುತ್ತವೆ. ಉಣ್ಣೆ ಆಹಾರವಿಲ್ಲದೆ ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲದು. ಕೋಳಿಗೆ ಮಾತ್ರ ಔಷಧಿ ಹಚ್ಚಿ ಗೂಡನ್ನು ಬಿಟ್ಟರೆ ಪ್ರಯೋಜನವಿಲ್ಲ. ಬಿರುಕು ಮುಚ್ಚಿ, ವರ್ಷಕ್ಕೆರಡು ಬಾರಿ ಸುಣ್ಣ ಬಳಿಯಬೇಕು. ಕೂರುಗೋಲನ್ನು ಕಳಚಿ ಬಿಸಿಲಿಗೊಡ್ಡುವಂತೆ ಕಟ್ಟಿರಬೇಕು.

ರಾಣಿಖೇತ್ ರೋಗ ಹಿತ್ತಿಲ ಹಿಂಡುಗಳನ್ನು ಒಮ್ಮೆಗೇ ಖಾಲಿ ಮಾಡುವ ವೈರಾಣು ರೋಗ. ಉತ್ತರಾಖಂಡದ ರಾಣಿಖೇತ್‌ನಲ್ಲಿ 1927ರಲ್ಲಿ ಗುರುತಿಸಿದ್ದರಿಂದ ಭಾರತದಲ್ಲಿ ಈ ಹೆಸರು. ಇದಕ್ಕೆ ಔಷಧಿಯಿಲ್ಲ, ಲಸಿಕೆಯಿದೆ. ಮರಿಗೆ ಮೊದಲ ವಾರದಲ್ಲಿ ಒಮ್ಮೆ, ಸುಮಾರು ಎಂಟನೆಯ ವಾರದಲ್ಲಿ ಇನ್ನೊಮ್ಮೆ ಹಾಕಿಸಬೇಕು. ಸೊಳ್ಳೆಗಳಿಂದ ಹರಡುವ ಕೋಳಿ ಸಿಡುಬಿಗೂ ಲಸಿಕೆಯಿದೆ. ಹಕ್ಕಿಜ್ವರ ಭಾರತದಲ್ಲಿ ಮೊದಲು 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ, 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಕಾಣಿಸಿತು. ಕೋಳಿಗಳು ಕಾರಣ ತಿಳಿಯದೆ ಸಾಲಾಗಿ ಸತ್ತರೆ ಅವನ್ನು ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ತಿಳಿಸಬೇಕು. ಗೂಡಿನ ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಮನೆಮಂದಿಗೆಲ್ಲ ರೂಢಿಯಾಗಬೇಕು.

ತಳಿಗಳು

ನಾಟಿ ಕೋಳಿ, ಉತ್ತರ ಕರ್ನಾಟಕದಲ್ಲಿ ಜವಾರಿ ಕೋಳಿ, ಸೆಕೆಯನ್ನು ತಾಳುತ್ತದೆ, ವೈರಿಯನ್ನು ಬೇಗ ಗುರುತಿಸುತ್ತದೆ, ತಾನೇ ಕಾವು ಕೂರುತ್ತದೆ. ಮೊಟ್ಟೆ ಮಾತ್ರ ಕಡಿಮೆ. ಕತ್ತಿನಲ್ಲಿ ಪುಕ್ಕವಿಲ್ಲದ ಬೋಳುಕತ್ತಿನ ಕೋಳಿ ಆ ಗುಣದಿಂದಲೇ ಸೆಕೆಗೆ ಹೆಚ್ಚು ಒಗ್ಗಿದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ 1989ರಲ್ಲಿ, ಸ್ವರ್ಣಧಾರಾ 2005ರಲ್ಲಿ ಬಿಡುಗಡೆಯಾದವು. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯ ವನರಾಜ, ಗ್ರಾಮಪ್ರಿಯ ತಳಿಗಳನ್ನು ಕೊಟ್ಟಿದೆ. ಗಿರಿರಾಜ, ವನರಾಜದಂಥ ಭಾರದ ತಳಿಗಳಿಗೆ ಕೂರುಗೋಲು ಎರಡಡಿ ಮೀರಬಾರದು, ಎತ್ತರದಿಂದ ಹಾರಿ ಕಾಲಿಗೆ ಪೆಟ್ಟಾಗುತ್ತದೆ. ಹಗುರವಾದ ಸ್ವರ್ಣಧಾರಾ ವೈರಿಗಳಿಂದ ಹಾರಿ ತಪ್ಪಿಸಿಕೊಳ್ಳುವುದರಲ್ಲಿ ಚುರುಕು.

ಉಪಯೋಗ

ಅಡುಗೆಮನೆಯ ಮಿಕ್ಕ ಅನ್ನ, ಸೊಪ್ಪಿನ ದಂಟು, ತೋಟದ ಹುಳು, ಗೆದ್ದಲುಗಳು ಮೊಟ್ಟೆಯಾಗಿ ಮರಳುತ್ತವೆ. ಹಿಕ್ಕೆ ಸಾರಜನಕ ಹೆಚ್ಚಿರುವ ಗೊಬ್ಬರ, ಆದರೆ ಹಸಿಯಾಗಿ ಹಾಕಿದರೆ ಗಿಡ ಸುಡುತ್ತದೆ. ಹಾಸಿನೊಡನೆ ಬೆರೆಸಿ ಕೆಲವು ತಿಂಗಳು ಕೊಳೆಸಿದ ಮೇಲೆ ಬಳಸಬೇಕು. ಹಳ್ಳಿಗಳಲ್ಲಿ ಮೊಟ್ಟೆ, ಕೋಳಿ ಮಾರಿದ ಹಣ ಹೆಚ್ಚಾಗಿ ಹೆಂಗಸರ ಕೈಯಲ್ಲೇ ಉಳಿಯುವುದರಿಂದ ಸ್ವಸಹಾಯ ಸಂಘಗಳ ಯೋಜನೆಗಳಲ್ಲಿ ಇದಕ್ಕೆ ಜಾಗವಿದೆ.

ಸದ್ಯದ ಸ್ಥಿತಿ

2019ರ ಇಪ್ಪತ್ತನೆಯ ಜಾನುವಾರು ಗಣತಿಯಂತೆ ಭಾರತದಲ್ಲಿ ಕೋಳಿ ಮತ್ತಿತರ ಸಾಕುಹಕ್ಕಿಗಳ ಒಟ್ಟು ಸಂಖ್ಯೆ 85.18 ಕೋಟಿ. ಅವುಗಳಲ್ಲಿ 31.7 ಕೋಟಿ ಹಿತ್ತಿಲಿನವು. ಹಿಂದಿನ ಗಣತಿಗಿಂತ ಹಿತ್ತಿಲ ಹಕ್ಕಿಗಳು ಸುಮಾರು ಶೇ. 46ರಷ್ಟು ಹೆಚ್ಚಿವೆ. ಫಾರಂಗಳ ಕಾಲದಲ್ಲಿ ಹಿತ್ತಿಲ ಸಾಕಣೆ ಮುಗಿಯಿತೆಂಬ ಭಾವನೆಯನ್ನು ಈ ಅಂಕಿ ಸುಳ್ಳು ಮಾಡಿದೆ. ಆದರೆ ಸುಧಾರಿತ ಮರಿಗಳ ವಿತರಣೆಗೆ ಸಿಕ್ಕಷ್ಟು ಗಮನ ಗೂಡಿಗೆ ಸಿಕ್ಕಿಲ್ಲ. ಮರಿ ಮನೆಗೆ ಬಂದ ಮೇಲೆ ಗೂಡಿನ ಬಗ್ಗೆ ಯೋಚಿಸುವ ಕ್ರಮ ಬದಲಾಗಬೇಕಿದೆ. ನಗರಗಳಲ್ಲಿ ತಾರಸಿ, ಹಿತ್ತಿಲುಗಳಲ್ಲಿ ಸಾಕುವವರು ಸ್ಥಳೀಯ ಸಂಸ್ಥೆಯ ನಿಯಮಗಳನ್ನು ಮೊದಲೇ ತಿಳಿದುಕೊಳ್ಳಬೇಕು. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆಯಿಡುವುದರಿಂದ, ಕೂಗಿಗೆ ನೆರೆಯವರ ಆಕ್ಷೇಪವಿರುವ ಕಡೆ ಹೇಂಟೆಗಳನ್ನಷ್ಟೇ ಸಾಕಬಹುದು. ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಮತ್ತು ತರಬೇತಿ ಸಂಸ್ಥೆಯಿದ್ದು, ಸಾಕಣೆದಾರರಿಗೆ ತರಬೇತಿ ನೀಡುತ್ತದೆ.